ಕೊಬ್ಬು ಬೇಡ ಎನ್ನುವ ಮುನ್ನ

ಭಾನುವಾರ ಬೆಳಗ್ಗೆ ಏಳು ಗಂಟೆಗೆಲ್ಲ ಬೆಂಗಳೂರಿನ ಕೆಂಪಾಪುರ ಮುಖ್ಯರಸ್ತೆಯ ಮಟನ್ ಅಂಗಡಿಗಳ ಮುಂದೆ ಜನ ಸೇರಿಬಿಡುತ್ತಾರೆ. ಸರದಿಯಲ್ಲಿ ನಿಂತಾಗ ಕಿವಿಗೆ ಬೀಳುವ ಮಾತುಗಳಲ್ಲಿ ಒಂದಂತೂ ತಪ್ಪುವುದಿಲ್ಲ: "ಕೊಬ್ಬು ಬೇಡಪ್ಪ, ತೆಗೆದುಹಾಕು." ಅಂಗಡಿಯಾತ ತೊಡೆಯ ಮೇಲಿನ ಬಿಳಿ ಪದರವನ್ನು ಚಾಕುವಿನ ಒಂದೇ ಎಳೆತಕ್ಕೆ ಸುಲಿದು ಪಕ್ಕದ ಬುಟ್ಟಿಗೆ ಎಸೆಯುತ್ತಾನೆ. ಒಂಬತ್ತರ ಹೊತ್ತಿಗೆ ಬುಟ್ಟಿ ತುಂಬಿರುತ್ತದೆ. ನಾನು ಆ ಬುಟ್ಟಿಯಿಂದ ಕಾಲು ಕೆ.ಜಿ. ಕೇಳಿ ತರುತ್ತೇನೆ. ಮೊದಮೊದಲು "ನಾಯಿಗೇನಮ್ಮ?" ಎಂದು ಕೇಳುತ್ತಿದ್ದ. ಈಗ ಕೇಳುವುದಿಲ್ಲ. ಮುಕ್ಕಾಲು ಕೆ.ಜಿ. ಮುಂಗಾಲಿನ ಮಾಂಸದ ಜೊತೆ ಅದನ್ನೂ ಸೇರಿಸಿ ಕೈಮಾ ಮಾಡಿಕೊಡುತ್ತಾನೆ.

ಆ ಕೊಬ್ಬು ನನಗೆ ಬೇಕಾಗುವುದು ಮರ್ಗೆಜ್‌ಗೆ. ಮೊರೊಕ್ಕೊ, ಅಲ್ಜೀರಿಯಾ, ಟ್ಯುನೀಶಿಯಾ ಕಡೆಯ ಖಾರದ ಸಾಸೇಜು ಅದು. ಕುರಿಮಾಂಸವನ್ನು ಕೊಬ್ಬಿನ ಸಮೇತ ಕೊಚ್ಚಿ, ಜೀರಿಗೆ, ಕೊತ್ತಂಬರಿ ಬೀಜ, ಸೋಂಪು, ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ, ಉಪ್ಪು ಕಲಸಿ, ಕುರಿಯ ಸಣ್ಣ ಕರುಳಿಗೆ ತುಂಬಿ ಕೆಂಡದ ಮೇಲೆ ಸುಡುತ್ತಾರೆ. ಕಿರುಬೆರಳಿನ ದಪ್ಪ, ಗೇಣಿಗಿಂತ ಕಡಿಮೆ ಉದ್ದ. ಮಾಡಿದ್ದನ್ನು ತಾಜಾ ಇರುವಾಗಲೇ ಬೇಯಿಸಿ ತಿನ್ನುವುದು ರೂಢಿ. ಈ ಮಸಾಲೆಯ ಪಟ್ಟಿಯನ್ನು ಓದಿದ ಯಾವ ಕನ್ನಡ ಮನೆಯವರಿಗೂ ಇದು ಪರದೇಶದ್ದು ಅನಿಸಲಾರದು. ನಮ್ಮ ಕೈಮಾ ಉಂಡೆಗೆ ಹಾಕುವುದೂ ಹೆಚ್ಚುಕಡಿಮೆ ಇದನ್ನೇ. ಲಿಯೋನ್‌ನಲ್ಲಿ ಎರಡು ವರ್ಷ ಓದಿ ಬಂದ ನನ್ನ ಅಣ್ಣನ ಮಗಳು ಮೊದಲ ಸಲ ನಮ್ಮ ಅಡುಗೆಮನೆಯಲ್ಲಿ ಇದನ್ನು ಮಾಡಿದಾಗ, ಬಾಣಲೆಯಿಂದ ಎದ್ದ ಘಮಕ್ಕೆ ನಮ್ಮತ್ತೆ ದೇವರ ಮನೆಯಿಂದಲೇ "ಕೈಮಾ ಉಂಡೆಯೇನೆ?" ಎಂದು ಕೂಗಿ ಕೇಳಿದ್ದರು.

ಈಗ ಬೆಂಗಳೂರಿನ ಕೆಲವು ಊಟದ ಮನೆಗಳಲ್ಲೂ ಈ ಸಾಸೇಜು ಸಿಗುತ್ತದೆ. ಹೋದ ವರ್ಷ ಮಗನ ಹುಟ್ಟುಹಬ್ಬಕ್ಕೆ ಅಂಥ ಒಂದು ಜಾಗಕ್ಕೆ ಹೋಗಿದ್ದೆವು. ಮರದ ಹಲಗೆಯ ಮೇಲೆ ನಾಲ್ಕು ಸಾಸೇಜು, ಪಕ್ಕಕ್ಕೆ ಕರಿದ ಆಲೂಗಡ್ಡೆ, ಬಟ್ಟಲಲ್ಲಿ ಸಿಹಿ ಟೊಮೆಟೊ ಸಾಸು ಬಂತು. ಸಾಸೇಜಿನಡಿ ಒಂದು ಕಾಗದ ಹಾಸಿದ್ದರು. ಅದು ಕಡುಗೆಂಪು ಬಣ್ಣದ ಕೊಬ್ಬಿನಲ್ಲಿ ಪೂರ್ತಿ ನೆನೆದಿತ್ತು. ಸಾಸೇಜು ಒಣಗಿ ರಬ್ಬರಾಗಿತ್ತು. ತಿಂದು ಮುಗಿಸಿದ ಮೇಲೆ ಹುಡುಗ ಬಂದು ಹಲಗೆಯ ಜೊತೆ ಆ ಕಾಗದವನ್ನೂ ಎತ್ತಿಕೊಂಡು ಹೋದ. ನನಗೆ ಇವತ್ತಿಗೂ ಮರೆಯಲಾಗದ್ದು ಆ ಕಾಗದ. ಆ ಊಟದಲ್ಲಿ ತಿನ್ನಬೇಕಾಗಿದ್ದ ಸಾರವೆಲ್ಲ ಅದರಲ್ಲೇ ಇತ್ತು.

ನನ್ನ ವಾದ ಇಷ್ಟು. ಮರ್ಗೆಜ್ ಊಟಕ್ಕೆ ಮೊದಲು ಮೆಲ್ಲುವ ತಿಂಡಿಯೂ ಅಲ್ಲ, ತಟ್ಟೆಯ ನಡುವೆ ಕೂರಬೇಕಾದ ಯಜಮಾನನೂ ಅಲ್ಲ. ಅದು ನೆಂಚಿಕೆ. ಧಾನ್ಯ ಹೆಚ್ಚು, ಸಾಸೇಜು ಕಡಿಮೆ ಇರುವ ಊಟದಲ್ಲಿ ಮಾತ್ರ ಅದರ ರುಚಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಹಾಗೆ ಉಣ್ಣುವ ಕ್ರಮ ಕಲಿಯಲು ನಾವು ಪ್ಯಾರಿಸ್ಸಿಗಾಗಲಿ ಹಲಗೆಯ ಮೇಲೆ ಬಡಿಸುವ ಹೋಟೆಲಿಗಾಗಲಿ ಹೋಗಬೇಕಿಲ್ಲ. ಆ ಕ್ರಮ ನಮ್ಮ ಊಟದಲ್ಲೇ ಇದೆ.

ಅದರ ತವರಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಅಲ್ಲಿನ ಊಟದ ನಡುಗಂಬ ಕುಸ್ಕುಸ್. ಗಟ್ಟಿ ಗೋಧಿಯ ರವೆಗೆ ನೀರು ಚಿಮುಕಿಸಿ, ಹಿಟ್ಟು ಉದುರಿಸಿ, ಅಗಲವಾದ ತಟ್ಟೆಯಲ್ಲಿ ಅಂಗೈಯಿಂದ ಉರುಳಿಸಿ ಮಾಡುವ ಸಣ್ಣ ಕಾಳು. ಕೆಳಗಿನ ಪಾತ್ರೆಯಲ್ಲಿ ಕಡಲೆಕಾಳು, ಗೆಡ್ಡೆ, ಕುಂಬಳ, ಕ್ಯಾರೆಟ್ಟಿನ ಸಾರು ಕುದಿಯುತ್ತಿರುತ್ತದೆ. ಮೇಲೆ ತೂತಿನ ಪಾತ್ರೆಯಲ್ಲಿ ಈ ಕಾಳು ಆ ಸಾರಿನ ಹಬೆಯಲ್ಲೇ ಬೇಯುತ್ತದೆ. ಬಡಿಸುವಾಗ ದೊಡ್ಡ ಹರಿವಾಣದ ತುಂಬ ಧಾನ್ಯ, ಅದರ ಮೇಲೆ ತರಕಾರಿ, ತುದಿಯಲ್ಲಿ ಒಂದಷ್ಟು ಮಾಂಸ. ಮರ್ಗೆಜ್ ಇದ್ದರೆ ಅದೂ ಅಲ್ಲೇ ಮೇಲೆ. ಸುತ್ತ ಕೂತ ಎಲ್ಲರೂ ಉಣ್ಣುವುದು ಆ ಧಾನ್ಯವನ್ನು. ಅಲ್ಜೀರಿಯಾ, ಮೊರೊಕ್ಕೊ, ಟ್ಯುನೀಶಿಯಾ, ಮಾರಿಟಾನಿಯಾ ನಾಲ್ಕೂ ದೇಶಗಳು ಜೊತೆಗೂಡಿ ಅರ್ಜಿ ಹಾಕಿ 2020ರಲ್ಲಿ ಕುಸ್ಕುಸ್ ಮಾಡುವ ವಿದ್ಯೆಯನ್ನು ಯುನೆಸ್ಕೊದ ಪಾರಂಪರಿಕ ಪಟ್ಟಿಗೆ ಸೇರಿಸಿದವು. ಅಕ್ಕಪಕ್ಕದ ರಾಜಕೀಯದಲ್ಲಿ ಅಷ್ಟೇನೂ ಹೊಂದಿಕೊಳ್ಳದ ದೇಶಗಳು ಅವು. ಧಾನ್ಯದ ವಿಷಯದಲ್ಲಿ ಒಂದಾದವು.

ಹಾಗಾದರೆ ಆಲೂಗಡ್ಡೆ ಎಲ್ಲಿಂದ ಬಂತು? 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾದಾಗ ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಯುರೋಪಿಯನ್ನರು ಲಕ್ಷಗಟ್ಟಲೆ ಫ್ರಾನ್ಸಿಗೆ ಮರಳಿದರು. ದುಡಿಯಲು ಹೋದ ಉತ್ತರ ಆಫ್ರಿಕಾದವರು ಅವರ ಮೊದಲೂ ಆಮೇಲೂ ಹೋದರು. ಅವರ ಜೊತೆ ಮರ್ಗೆಜ್ ಫ್ರಾನ್ಸಿನ ಬೀದಿಗೆ ಬಂತು. ಉದ್ದ ಬ್ರೆಡ್ಡಿನೊಳಗೆ ಎರಡು ಸಾಸೇಜು, ಮೇಲೊಂದಿಷ್ಟು ಕರಿದ ಆಲೂಗಡ್ಡೆ. ಕಾರ್ಮಿಕ ಸಂಘಗಳ ಮೆರವಣಿಗೆಗಳಲ್ಲಿ ಇವತ್ತಿಗೂ ಇದೇ ಬುತ್ತಿ. ನಿಂತಲ್ಲೇ ಬಿಸಿಯಾಗಿ, ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಕಾದ ಜನ ಕಂಡುಕೊಂಡ ದಾರಿ ಅದು, ಅದರ ಬಗ್ಗೆ ನನಗೆ ಗೌರವವಿದೆ. ಅಲ್ಲೂ ಒಂದು ಮಾತು ಗಮನಿಸಿ: ಕೊಬ್ಬನ್ನು ಹೀರುವುದಕ್ಕೆ ಬ್ರೆಡ್ಡಿದೆ. ಹಲಗೆಯ ಮೇಲೆ ಬಡಿಸುವವರು ಆ ಬ್ರೆಡ್ಡನ್ನು ತೆಗೆದು ಅಲ್ಲಿ ಕಾಗದ ಇಟ್ಟರು.

ಇದು ಬರೀ ರುಚಿಯ ಹಟವಲ್ಲ, ಇದಕ್ಕೊಂದು ಕಾರಣವಿದೆ. ಮೆಣಸಿನಕಾಯಿಯ ಖಾರಕ್ಕೆ ಮೂಲವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಅದರ ಕೆಂಪು ಬಣ್ಣವೂ ಹಾಗೆಯೇ. ಜೀರಿಗೆ, ಸೋಂಪುಗಳ ಘಮವನ್ನು ಹಿಡಿದಿಡುವುದೂ ಎಣ್ಣೆಯ ಅಂಶವೇ. ಹೀಗಾಗಿ ಸಾಸೇಜು ಬೇಯುವಾಗ ಹೊರಗೆ ಜಿನುಗುವ ಕೆಂಪು ಕೊಬ್ಬು ಎಂದರೆ ಅದರೊಳಗಿನ ಮಸಾಲೆಯ ಸಾರವೇ. ಮಾಂಸದಲ್ಲಿ ಉಳಿಯುವುದು ಅದರ ಒಂದು ಪಾಲು ಮಾತ್ರ. ಆ ಕೊಬ್ಬನ್ನು ಹಿಡಿದುಕೊಳ್ಳಲು ಸಪ್ಪೆಯಾದ, ಹೀರುವ ಗುಣವಿರುವ ಏನಾದರೊಂದು ಬೇಕು. ಸಾಸೇಜಿನ ಜೊತೆ ಏನು ಬಡಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಶುರುವಾಗುವುದು ಇಲ್ಲಿಂದ.

ನಮ್ಮ ನಾಡಿನಲ್ಲಿ ಸಾಸೇಜು ತಿಂದು ರೂಢಿಯಿರುವವರು ಇಲ್ಲದೆ ಇಲ್ಲ. ಕಾರವಾರ, ಖಾನಾಪುರ, ಬೆಳಗಾವಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಗೋವಾದ ಚೋರಿಸ್ ಬಳಕೆಯಲ್ಲಿದೆ. ಹಂದಿಮಾಂಸ, ವಿನೆಗರು, ಕೆಂಪು ಮೆಣಸಿನಕಾಯಿಯ ಮಣಿಸರ. ಅವರಾರೂ ಅದನ್ನು ಹಾಗೆಯೇ ತಟ್ಟೆಗಿಟ್ಟುಕೊಂಡು ತಿನ್ನುವುದಿಲ್ಲ. ನಾಲ್ಕಾರು ಮಣಿ ಬಿಡಿಸಿ ಸ್ವಲ್ಪ ನೀರಿನಲ್ಲಿ ಕುದಿಸಿದರೆ ಕೊಬ್ಬು ತಾನೇ ಬಿಡುತ್ತದೆ. ಅದಕ್ಕೆ ಈರುಳ್ಳಿ, ಆಲೂಗಡ್ಡೆ ಬಿದ್ದರೆ ಪಾವಿಗೆ ಜೊತೆ. ಅಕ್ಕಿ ಬಿದ್ದರೆ ಪುಲಾವು. ಒಂದು ಸರದ ಸಾಸೇಜು ಇಡೀ ಮನೆಯ ಊಟವಾಗುತ್ತದೆ. ಮಾಂಸವನ್ನೇ ಮಸಾಲೆಯಂತೆ ಬಳಸುವ ಈ ಜಾಣತನ ಹಂದಿಮಾಂಸಕ್ಕೆ ಮಾತ್ರ ಸೀಮಿತವಾಗಬೇಕಿಲ್ಲ.

ಕರುಳಿಗೆ ತುಂಬುವ ವಿದ್ಯೆಯೇ ನಮ್ಮದಲ್ಲ ಎನ್ನುವವರಿಗೆ ಒಂದು ಹಳೆಯ ಸಾಕ್ಷಿ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದ ಅನ್ನಭೋಗದ ಭಾಗದಲ್ಲಿ ಮಂಡಲೀಯ ಎಂಬ ತಿನಿಸು ಬರುತ್ತದೆ. ಕರುಳಿಗೆ ಹೂರಣ ತುಂಬಿ ಕೆಂಡದಲ್ಲಿ ಸುಡುವ ಬಗೆ. ಬೀದರ್ ಜಿಲ್ಲೆಯ ಇವತ್ತಿನ ಬಸವಕಲ್ಯಾಣದಲ್ಲಿ ಅರಮನೆಯ ಅಡುಗೆಯವರು ಅದನ್ನು ಮಾಡುತ್ತಿದ್ದರು ಎಂದಾಯಿತು. ಮರ್ಗೆಜ್‌ನ ಹೆಸರಿಗೆ ಹತ್ತಿರವಾದ ಮಿರ್ಕಾಸ್ ಎಂಬ ಸಾಸೇಜಿನ ವಿಧಾನ ಸಿಗುವುದು 13ನೇ ಶತಮಾನದ ಅಂದಲೂಸಿಯಾದ ಅರಬ್ಬೀ ಪಾಕಪುಸ್ತಕದಲ್ಲಿ. ಎರಡರಲ್ಲೂ ಮೆಣಸಿನಕಾಯಿ ಇಲ್ಲ, ಇರಲೂ ಸಾಧ್ಯವಿರಲಿಲ್ಲ. ಅದು ಅಮೆರಿಕದಿಂದ ಹೊರಬಂದದ್ದೇ ಕೊಲಂಬಸನ ನಂತರ. ಅಲ್ಲಿನವರೂ ಇಲ್ಲಿನವರೂ ಅದನ್ನು ಆಮೇಲೆ ಕೂಡಿಸಿಕೊಂಡರು. ಇಷ್ಟಾಗಿಯೂ ನಮ್ಮ ಬರಹದ ಪರಂಪರೆ ಮಾಂಸದಡುಗೆಯ ಬಗ್ಗೆ ಮೌನವಾಗಿಬಿಟ್ಟಿತು. ಕನ್ನಡದ ಹೆಸರಾಂತ ಪಾಕಗ್ರಂಥವಾದ ಮೂರನೇ ಮಂಗರಸನ ಸೂಪಶಾಸ್ತ್ರ 16ನೇ ಶತಮಾನದ ಆರಂಭದ್ದು. ಮಂಗರಸ ಜೈನ, ಅವನು ಬರೆದದ್ದು ಶಾಕಾಹಾರವನ್ನು. ಬಾಡೂಟದ ವಿದ್ಯೆಯೆಲ್ಲ ಕೈಯಿಂದ ಕೈಗೆ ಹೋಗುತ್ತ ಉಳಿಯಿತು. ಬರೆದಿಲ್ಲದ್ದಕ್ಕೆ ಇಲ್ಲ ಎಂದು ಅರ್ಥವಲ್ಲ.

ಕೈಯಿಂದ ಕೈಗೆ ಎಂದದ್ದು ಸುಮ್ಮನೆ ಅಲ್ಲ. ಎರಡನೇ ಸಲ ಮರ್ಗೆಜ್ ಮಾಡಹೊರಟಾಗ ಉಪ್ಪಿನಲ್ಲಿ ಹಾಕಿದ ಕರುಳಿನ ಪೊಟ್ಟಣ ನಮಗೆ ಸಿಗಲಿಲ್ಲ. ಮಂಡ್ಯದ ಕಡೆಯವರಾದ ನಮ್ಮತ್ತೆ ಬೋಟಿ ತರಿಸಿದರು. ಸಣ್ಣ ಕರುಳನ್ನು ಬೇರೆ ಮಾಡಿ, ನಲ್ಲಿಯ ನೀರನ್ನು ಅದರೊಳಕ್ಕೆ ಹಾಯಿಸಿ ತೊಳೆದು, ಹಂಚಿಕಡ್ಡಿಯಿಂದ ಒಳಮೈಯನ್ನು ಹೊರಕ್ಕೆ ತಿರುಗಿಸಿ, ಅರಿಶಿನ-ಉಪ್ಪು ಹಚ್ಚಿ ಉಜ್ಜಿದರು. ಆಮೇಲೆ ಮಣೆಯ ಮೇಲೆ ಹರಡಿ ಚಮಚದ ಬೆನ್ನಿನಿಂದ ಮೆಲ್ಲಗೆ ಹೆರೆದಾಗ ಲೋಳೆಯೆಲ್ಲ ಬಂದು, ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಿನ, ಬೆಳಕು ತೂರುವ ಕೊಳವೆ ಉಳಿಯಿತು. ಜಗತ್ತಿನ ಸಾಸೇಜು ಕಾರ್ಖಾನೆಗಳು ಬಳಸುವ ಕುರಿಕರುಳು ಇದೇ, ಹೆರೆಯುವುದನ್ನು ಅಲ್ಲಿ ಯಂತ್ರ ಮಾಡುತ್ತದೆ. ನಮ್ಮತ್ತೆಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬೋಟಿ ಗೊಜ್ಜಿಗೆ ಅರ್ಧ ಶತಮಾನ ಕರುಳು ತೊಳೆದ ಕೈ ಅದು.

ಯುಗಾದಿಯ ಮರುದಿನದ ವರ್ಷತೊಡಕಿಗೆ ಅವರ ಊರಲ್ಲಿ ಗುಡ್ಡೆ ಬಾಡು ಹಾಕುತ್ತಾರೆ. ಹತ್ತು ಮನೆಯವರು ಸೇರಿ ಕುರಿ ಕಡಿದು, ಬಾಳೆಲೆಯ ಮೇಲೆ ಹತ್ತು ಗುಡ್ಡೆ ಮಾಡುತ್ತಾರೆ. ಪ್ರತಿ ಗುಡ್ಡೆಗೂ ಮಾಂಸ, ಮೂಳೆ, ಈಲಿ, ಬೋಟಿ, ಕೊಬ್ಬು ಎಲ್ಲದರ ಪಾಲು ಬೀಳಬೇಕು. ಅಲ್ಲಿ "ಕೊಬ್ಬು ಬೇಡ" ಎನ್ನುವ ಮಾತಿಲ್ಲ. ಅದು ಅಂಗಡಿ ಬಂದ ಮೇಲೆ ಹುಟ್ಟಿದ ಮಾತು. ಸಾಸೇಜಿನ ಹಿಂದಿರುವುದೂ ಗುಡ್ಡೆ ಬಾಡಿನ ನ್ಯಾಯವೇ: ಕಡಿದ ಪ್ರಾಣಿಯಲ್ಲಿ ಯಾವುದೂ ಹಾಳಾಗಬಾರದು. ಟ್ಯುನೀಶಿಯಾದ ಬಾರ್ಬರೀನ್ ತಳಿಯ ಕುರಿಗೆ ಬಾಲದಲ್ಲೇ ಕೊಬ್ಬಿನ ಗಂಟಿರುತ್ತದೆ. ನಮ್ಮಲ್ಲಿ ಬನ್ನೂರು ಕುರಿಯ ಮಾಂಸಕ್ಕೆ ಹೆಸರು ಬಂದದ್ದೂ ಮಾಂಸದ ನಡುನಡುವೆ ಕೂತಿರುವ ಕೊಬ್ಬಿನಿಂದ. ನಗರದ ಅಂಗಡಿಗಳಲ್ಲಿ ಅದು ಸಿಗುವುದು ಅಪರೂಪ. ಬರುವ ಕುರಿ ಹೆಚ್ಚಾಗಿ ಬಡಕಲು. ಅದಕ್ಕೇ ಬುಟ್ಟಿಯ ಕೊಬ್ಬು ಬೇಕು. ನಾಲ್ಕರಲ್ಲಿ ಒಂದು ಪಾಲು ಕೊಬ್ಬಿಲ್ಲದಿದ್ದರೆ ಮರ್ಗೆಜ್ ಒಳಗೆ ಪುಡಿಪುಡಿಯಾಗುತ್ತದೆ.

ಈಗ ತಟ್ಟೆಗೆ ಬರುತ್ತೇನೆ. ನನ್ನ ಮೊದಲ ಆಯ್ಕೆ ಸಾಮೆ. ಆರು ಜನಕ್ಕೆ ಎಂಟು ಸಾಸೇಜು, ಅಂದರೆ ಸುಮಾರು ಅರ್ಧ ಕೆ.ಜಿ., ಎರಡು ಲೋಟ ಸಾಮೆ ಅಕ್ಕಿ. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕದೆ ಸಾಸೇಜುಗಳನ್ನು ಜೋಡಿಸಿ, ಉರಿ ಸಣ್ಣಗಿಟ್ಟು ಬೇಯಲು ಬಿಡಬೇಕು. ಚುಚ್ಚಬಾರದು. ಚುಚ್ಚಿದರೆ ಮೊದಲ ನಿಮಿಷದಲ್ಲೇ ಎಲ್ಲ ಹೊರಬಂದು ಸಾಸೇಜು ಸೊರಗುತ್ತದೆ. ಐದಾರು ನಿಮಿಷಕ್ಕೆ ಚರ್ಮ ಬಿಗಿಯುತ್ತದೆ, ಬಾಣಲೆಯ ತಳದಲ್ಲಿ ಕುಂಕುಮದ ನೀರಿನಂತೆ ಕೊಬ್ಬು ನಿಲ್ಲತೊಡಗುತ್ತದೆ. ನಾಲ್ಕೂ ಕಡೆ ಕಂದಾಗಿ, ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ತೆಗೆದಿಡಿ. ಕೈಮಾ ಮಾಡಿದ ಮಾಂಸದಲ್ಲಿ ಹೊರಗಿನ ಸೂಕ್ಷ್ಮಜೀವಿ ಒಳಕ್ಕೂ ಬೆರೆತಿರುತ್ತದಾದ್ದರಿಂದ ಈ ಶಾಖದಲ್ಲಿ ರಿಯಾಯಿತಿ ಇಲ್ಲ. ಅದೇ ಕೆಂಪು ಕೊಬ್ಬಿಗೆ ಎರಡು ಈರುಳ್ಳಿ ಹೆಚ್ಚಿ ಹಾಕಿ, ಮೆತ್ತಗಾದ ಮೇಲೆ ತೊಳೆದು ಬಸಿದ ಸಾಮೆ ಹಾಕಿ ಕೈಯಾಡಿಸಬೇಕು. ಕಾಳುಗಳು ಒಂದೊಂದಾಗಿ ಬಣ್ಣಕ್ಕೆ ತಿರುಗುವುದನ್ನು ನೋಡುತ್ತ ನಿಲ್ಲುವುದು ನನಗೆ ಇಷ್ಟ. ನಾಲ್ಕು ಲೋಟ ಬಿಸಿನೀರು, ಉಪ್ಪು, ಹಿಡಿ ಬೆಂದ ಕಡಲೆಕಾಳು, ನವಿಲುಕೋಸಿನ ಹೋಳು. ಮುಚ್ಚಿ ಹದಿನೈದು ನಿಮಿಷ, ಉರಿ ಆರಿಸಿ ಹತ್ತು ನಿಮಿಷ. ಸಾಸೇಜುಗಳನ್ನು ಓರೆಯಾಗಿ ಕತ್ತರಿಸಿ ಮೇಲೆ ಹರಡಿದರಾಯಿತು.

ಕುಸ್ಕುಸ್ಸಿನ ಜಾಗಕ್ಕೆ ಸಾಮೆ ಎಂದರೆ ಬದಲಿ ಸಾಮಾನು ತಂದು ಮೋಸ ಮಾಡಿದಂತಲ್ಲವೇ ಎಂದು ನನ್ನ ಅಣ್ಣನ ಮಗಳೇ ಕೇಳಿದ್ದಳು. ಪ್ರಶ್ನೆ ನ್ಯಾಯವಾದದ್ದು. ಆದರೆ ಕುಸ್ಕುಸ್ ಎಂದರೆ ಗೋಧಿಯೇ ಆಗಬೇಕೆಂದಿಲ್ಲ. ಸಹಾರಾದ ದಕ್ಷಿಣಕ್ಕೆ ಸಜ್ಜೆ, ಜೋಳ, ಫೋನಿಯೊ ಎಂಬ ಕಿರುಧಾನ್ಯದಿಂದಲೂ ಮಾಡುತ್ತಾರೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ನಮ್ಮಲ್ಲಿ ಸಿರಿಧಾನ್ಯದ ಬಿಸ್ಕತ್ತು, ನೂಡಲ್ಸು ಅಂಗಡಿಗಳಿಗೆ ಬಂದವು. ಸಾಮೆಯಲ್ಲಿ ಅನ್ನ ಮಾಡಿ ಯಾವುದರ ಜೊತೆ ಉಣ್ಣಬೇಕು ಎಂಬುದನ್ನು ಯಾರೂ ಅಷ್ಟಾಗಿ ಹೇಳಲಿಲ್ಲ. ಸಪ್ಪೆ ಎಂದು ಅದನ್ನು ದೂರುವವರಿಗೆ, ಆ ಸಪ್ಪೆತನವನ್ನೇ ಬೇಡುವ ಜೊತೆಗಾರ ಮರ್ಗೆಜ್.

ಗೋಧಿಯೇ ಬೇಕೆನ್ನುವವರು ನಮ್ಮ ತವರಿನ ಕಡೆ ತಿರುಗಬಹುದು. ಕುಸ್ಕುಸ್ಸಿಗೆ ಬೇಕಾದ ಗಟ್ಟಿ ಗೋಧಿ ವಿಜಯಪುರ, ಬಾಗಲಕೋಟೆ, ಧಾರವಾಡದ ಎರೆಹೊಲಗಳ ಬೆಳೆ. ಬೆಂಗಳೂರಿನ ಕಿರಾಣಿ ಅಂಗಡಿಯಲ್ಲಿ ಬನ್ಸಿ ರವೆ ಎಂದು ಕೇಳಿದರೆ ಕೊಡುವುದು ಆ ಜಾತಿಯ ಗೋಧಿಯದನ್ನೇ. ನಾನು ಚಿಕ್ಕವಳಿದ್ದಾಗ ಮದುವೆ ಗೊತ್ತಾದ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಗವಲಿ, ಪರಡಿ ಹೊಸೆಯುತ್ತಿದ್ದರು. ನಾದಿದ ಹಿಟ್ಟನ್ನು ಬೆರಳ ತುದಿಯಲ್ಲಿ ಹಿಡಿದು, ಉರುಳಿಸಿ, ಜೀರಿಗೆ ಗಾತ್ರದ ಕಾಳಾಗಿ ಮೊರದೊಳಕ್ಕೆ ಉದುರಿಸುವರು. ಹಾಡು, ಮಾತು, ನಗೆ. ಟ್ಯುನೀಶಿಯಾದ ಹೆಂಗಸರು ಅಂಗಳದಲ್ಲಿ ಸುತ್ತ ಕೂತು ಕುಸ್ಕುಸ್ ಉರುಳಿಸುವ ಚಿತ್ರವನ್ನು ಮೊದಲು ನೋಡಿದಾಗ ನನಗೆ ಅವ್ವನ ಕೈ ಕಂಡಂತಾಗಿತ್ತು. ಗವಲಿ ನಮ್ಮಲ್ಲಿ ಪಾಯಸಕ್ಕೆ ಹೋಯಿತು, ಅವರಲ್ಲಿ ಸಾರಿನ ಊಟಕ್ಕೆ. ಗವಲಿಯನ್ನು ಆವಿಯಲ್ಲಿ ಬೇಯಿಸಿ ಮರ್ಗೆಜ್ ಕೊಬ್ಬಿನಲ್ಲಿ ಹೊರಳಿಸಿ ನೋಡಿದ್ದೇನೆ. ಚೆನ್ನಾಗಿತ್ತು, ಆದರೆ ಅಷ್ಟು ಕೈಕೆಲಸದ ಕಾಳನ್ನು ವಾರದ ಊಟಕ್ಕೆ ಖರ್ಚು ಮಾಡಲು ಮನಸ್ಸು ಬರಲಿಲ್ಲ. ಬನ್ಸಿ ರವೆ ಹುರಿದು ಉದುರುದುರಾಗಿ ಬೇಯಿಸಿದರೆ ಸಾಕು.

ಮುದ್ದೆಯ ಜೊತೆ ಮಾತ್ರ ಬೇಡ ಎನ್ನುತ್ತೇನೆ. ಮಂಡ್ಯದ ಮನೆಗೆ ಸೊಸೆಯಾಗಿ ಬಂದವಳು ಹೀಗೆನ್ನುವುದು ಸುಲಭವಲ್ಲ. ರಾಗಿಯ ಮೇಲೆ ಆಫ್ರಿಕಾದ ಋಣ ಎಷ್ಟಿದೆ ಎಂಬುದೂ ಗೊತ್ತು. ಅದರ ಮೂಲನೆಲ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಭಾರತದ ತಳಿಗೂ ಆಫ್ರಿಕಾದ ತಳಿಗೂ ಸಂಕರ ಮಾಡಿ ಕೊಟ್ಟ ರಾಗಿಗೆ ಇಂಡಾಫ್ ಎಂದೇ ಹೆಸರು. ಇಂಡಿಯಾದ ಮೊದಲರ್ಧ, ಆಫ್ರಿಕಾದ ಮೊದಲರ್ಧ. ನಮ್ಮ ಹೊಲಗಳ ಇಳುವರಿ ಬದಲಿಸಿದ ಕೆಲಸ ಅದು. ಆದರೂ ಮುದ್ದೆ ನುಂಗುವ ಅನ್ನ, ಸಾಸೇಜು ಅಗಿಯುವ ಮಾಂಸ. ಮುದ್ದೆಗೆ ಬೇಕಾದದ್ದು ಜಾರಿಸಿಕೊಂಡು ಹೋಗುವ ತೆಳು ಸಾರು. ಒಣ ಸಾಸೇಜಿನ ಹೋಳಿನ ಜೊತೆ ಅದು ಬಾಯಲ್ಲಿ ನಿಂತುಬಿಡುತ್ತದೆ, ಎರಡರ ರುಚಿಯೂ ಕೆಡುತ್ತದೆ. ಎಲ್ಲದಕ್ಕೂ ನಮ್ಮದನ್ನೇ ಜೋಡಿಸಬೇಕೆಂಬ ಅಭಿಮಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಜೋಳದ ರೊಟ್ಟಿ ಆಗಬಹುದು. ಬಿಸಿ ರೊಟ್ಟಿಯನ್ನು ಬಾಣಲೆಯ ಕೊಬ್ಬಿಗೆ ಒತ್ತಿ ತಿಂದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ರೊಟ್ಟಿ ಎಂದ ಮೇಲೆ ರಂಜಕ ಬರಲೇಬೇಕು. ಟ್ಯುನೀಶಿಯಾದವರ ಹರಿಸ್ಸಾ 2022ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಶಾಜೀರಿಗೆ ಜಾತಿಯ ಒಂದು ಬೀಜ, ಉಪ್ಪು, ಮೇಲೆ ಆಲಿವ್ ಎಣ್ಣೆ. ಉತ್ತರ ಕರ್ನಾಟಕದ ರಂಜಕ ಅದರ ಒಡಹುಟ್ಟು: ಕೆಂಪಗೆ ಹಣ್ಣಾದ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಮೆಂತ್ಯ, ಹುಳಿ. ಹರಿಸ್ಸಾದ ಸಣ್ಣ ಡಬ್ಬಿ ದುಬಾರಿ ಬೆಲೆಗೆ ಕೊಳ್ಳುವ ಬದಲು ಬ್ಯಾಡಗಿ ಮೆಣಸಿನಕಾಯಿ ನೆನೆಸಿ ಅರೆಯಿರಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿ ಬಣ್ಣದಲ್ಲಿ ಧಾರಾಳ, ಖಾರದಲ್ಲಿ ಸಂಯಮ. ಸಾಸೇಜಿನ ಹೂರಣಕ್ಕೂ ಇದಕ್ಕಿಂತ ಒಳ್ಳೆಯ ಮೆಣಸಿನಕಾಯಿ ನನಗೆ ಸಿಕ್ಕಿಲ್ಲ. ಸಾಸೇಜಿನ ಪಕ್ಕಕ್ಕೆ ಸಿಹಿ ಟೊಮೆಟೊ ಸಾಸಿಟ್ಟರೆ ಕೊಬ್ಬಿನ ಮೇಲೆ ಸಕ್ಕರೆ ಸುರಿದಂತೆ. ಕೊಬ್ಬನ್ನು ಕತ್ತರಿಸಲು ಬೇಕಾದದ್ದು ಹುಳಿ. ಮೊರೊಕ್ಕೊದಲ್ಲಿ ಇಡೀ ನಿಂಬೆಯನ್ನು ಉಪ್ಪಿನಲ್ಲಿ ಮಾಗಿಸಿಡುತ್ತಾರೆ. ನಮ್ಮ ಮನೆಗಳ ಭರಣಿಯಲ್ಲಿ ಖಾರ ಹಾಕುವ ಮುಂಚಿನ ಉಪ್ಪು ನಿಂಬೆಕಾಯಿ ಅದೇ ತಾನೆ? ಜ್ವರ ಬಂದಾಗ ಗಂಜಿಗೆ ಕೊಡುತ್ತಿದ್ದುದು. ಅದರ ಸಿಪ್ಪೆಯನ್ನು ಮಾತ್ರ ಸಣ್ಣಗೆ ಹೆಚ್ಚಿ ಸಾಮೆಯ ಮೇಲೆ ಉದುರಿಸಿ. ಖಾರ ಜಾಸ್ತಿಯಾಯಿತೆಂದು ನೀರು ಕುಡಿಯುವವರ ಮುಂದೆ ಸೌತೆಕಾಯಿ ಮೊಸರುಬಜ್ಜಿಯ ಬಟ್ಟಲಿಡಿ. ಹಾಲಿನ ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದುಕೊಳ್ಳುತ್ತದೆ, ನೀರು ಅದನ್ನು ಬಾಯಿ ತುಂಬ ಹರಡುತ್ತದೆ.

ಬೆಳಗಿನ ತಿಂಡಿಗೆ ಟೊಮೆಟೊ ಗೊಜ್ಜು ಕುದಿಯುವಾಗ ಒಂದು ಸಾಸೇಜು ಹೆಚ್ಚಿ ಹಾಕಿ, ಮೇಲೆ ಮೊಟ್ಟೆ ಒಡೆದು ಮುಚ್ಚಿದರೆ ಉತ್ತರ ಆಫ್ರಿಕಾದವರ ಶಕ್ಷೂಕಾ ಆಗುತ್ತದೆ. ದೋಸೆಗೂ ಸೈ, ಬ್ರೆಡ್ಡಿಗೂ ಸೈ.

ಮಾಂಸ ಸಂಸ್ಕರಣೆಯ ವಿದ್ಯೆ ನಮಗೆ ದೂರದ್ದಲ್ಲ ಎಂಬುದನ್ನೂ ಹೇಳಬೇಕು. ಕೆಂಪಾಪುರಕ್ಕೆ ಕೂಗಳತೆಯಲ್ಲಿರುವ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರದು. ಮಾಂಸದ ಉತ್ಪನ್ನಗಳ ತಂತ್ರಜ್ಞಾನ ಅಲ್ಲಿ ಕಲಿಸುವ ವಿಷಯಗಳಲ್ಲೊಂದು. ಮೈಸೂರಿನಲ್ಲಿ 1950ರಿಂದ ಸಿ.ಎಫ್.ಟಿ.ಆರ್.ಐ. ಇದೆ, ಅಲ್ಲೂ ಮಾಂಸಕ್ಕೊಂದು ವಿಭಾಗವಿದೆ. ಇಷ್ಟು ಕಾಲ ಇಷ್ಟು ಹತ್ತಿರ ಈ ವಿದ್ಯೆ ಇದ್ದೂ ನಮ್ಮ ಪಾಲಿಗೆ ಸಾಸೇಜು ಎಂದರೆ ಫ್ರೀಜರಿನ ಗುಲಾಬಿ ಬಣ್ಣದ ಕೋಳಿ ಕೊಳವೆ ಎಂದಾಗಿರುವುದು ನನಗೆ ನೋವು ತರುತ್ತದೆ. ಬಾಡು ಬೇಯಿಸಬಾರದೆಂಬ ಷರತ್ತಿನ ಮೇಲೆ ಮನೆ ಬಾಡಿಗೆಗೆ ಕೊಡುವ ಊರಿನಲ್ಲಿ ಮಾಂಸದಡುಗೆಯ ಬಗ್ಗೆ ಗಂಭೀರವಾಗಿ ಮಾತಾಡುವ ಅಭ್ಯಾಸ ಬೆಳೆಯದಿರುವುದು ಆಶ್ಚರ್ಯವೂ ಅಲ್ಲ. ಅಕ್ಕಿ ರೊಟ್ಟಿಯ ಹದದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಾವು ಕೈಮಾದ ಹದದ ಬಗ್ಗೆ ದನಿ ತಗ್ಗಿಸುತ್ತೇವೆ.

ಆರೋಗ್ಯದ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮನೆಯಲ್ಲಿ ಮಾಡಿ ಅವತ್ತೇ ತಿನ್ನುವ ಮರ್ಗೆಜ್‌ಗೆ ನೈಟ್ರೈಟ್ ಹಾಕುವುದಿಲ್ಲ, ಹೊಗೆಯಲ್ಲಿ ಇಡುವುದಿಲ್ಲ. ಹಾಗೆಂದು ಅದು ಬೇಕಾದಷ್ಟು ತಿನ್ನುವ ಪದಾರ್ಥವಾಗುವುದಿಲ್ಲ. ಕುರಿಯ ಕೊಬ್ಬು ಕೊಬ್ಬೇ. ಒಬ್ಬೊಬ್ಬರ ಮುಂದೆ ನಾಲ್ಕು ಸಾಸೇಜು ಇಡುವ ಹಲಗೆ ಈ ದೃಷ್ಟಿಯಿಂದಲೂ ತಪ್ಪು. ಒಂದೂಕಾಲು ಸಾಸೇಜು, ಒಂದು ಬಟ್ಟಲು ಧಾನ್ಯ, ಕಾಳು, ತರಕಾರಿ, ಮೊಸರು ಇರುವ ತಟ್ಟೆಯಲ್ಲಿ ಕೊಬ್ಬಿನ ಪಾಲು ಎಷ್ಟಿರಬೇಕೋ ಅಷ್ಟಿರುತ್ತದೆ. ನಮ್ಮ ಹಿರಿಯರು ಬಾಡೂಟವನ್ನು ಹಬ್ಬಕ್ಕೆ, ವಾರಕ್ಕೊಂದು ದಿನಕ್ಕೆ ಇಟ್ಟುಕೊಂಡದ್ದಕ್ಕೆ ಬಡತನವೂ ಕಾರಣ, ನಿಜ. ಆದರೆ ಆ ಬಡತನದಲ್ಲೇ ಅವರು ಅರ್ಧ ಕೆ.ಜಿ. ಮಾಂಸದಲ್ಲಿ ಹತ್ತು ಜನಕ್ಕೆ ರುಚಿ ಹಂಚುವ ಅಡುಗೆಯನ್ನು ಕಟ್ಟಿದರು. ಮಟನ್ ಬೆಲೆ ನೋಡಿದರೆ ಆ ವಿದ್ಯೆ ನಮಗೆ ಮತ್ತೆ ಬೇಕಾಗಿದೆ.

ನನ್ನ ಲೆಕ್ಕದಲ್ಲಿ ಮರ್ಗೆಜ್‌ಗೆ ಬೆಂಗಳೂರಿನಲ್ಲಿ ಸಿಗುವ ಅತ್ಯುತ್ತಮ ಜೊತೆ ವರ್ಷಕ್ಕೆ ಎರಡು ತಿಂಗಳು ಮಾತ್ರ ಇರುತ್ತದೆ. ಡಿಸೆಂಬರ್ ಮಧ್ಯಕ್ಕೆ ಸೊಗಡಿನ ಅವರೆಕಾಯಿ ರಾಶಿ ಬೀಳುತ್ತದೆ. ಕಾಳು ಬಿಡಿಸಿ, ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಕೂತು ಒಂದೊಂದನ್ನೂ ಹಿತುಕಿ ಬೇಳೆ ಮಾಡಬೇಕು. ಹಿತುಕಿದ ಬೇಳೆಗೆ ಕೈಮಾ ಹಾಕುವುದು ಈ ಕಡೆಯ ಹಳೆಯ ಪದ್ಧತಿ. ಕಳೆದ ಸಂಕ್ರಾಂತಿಯ ಮರುವಾರ ಕೈಮಾದ ಬದಲು ಮೂರು ಮರ್ಗೆಜ್ ಹಾಕಿದೆ. ಮೊದಲು ಸುಟ್ಟು, ಆ ಕೊಬ್ಬಿನಲ್ಲೇ ಒಗ್ಗರಣೆ, ತೆಂಗಿನಕಾಯಿ ಬಹಳ ಕಡಿಮೆ, ಗರಂ ಮಸಾಲೆ ಇಲ್ಲವೇ ಇಲ್ಲ. ಮಸಾಲೆಯೆಲ್ಲ ಸಾಸೇಜಿನಿಂದಲೇ ಬರಬೇಕು. ಸಾರಿನ ಮೇಲೆ ಕೆಂಪು ಕೊಬ್ಬು ಕಣ್ಣುಕಣ್ಣಾಗಿ ತೇಲುತ್ತಿತ್ತು, ಅವರೆಯ ಸೊಗಡೂ ಸೋಂಪಿನ ಘಮವೂ ಬೆರೆತು ಬರುತ್ತಿದ್ದವು. ಅಂದು ಮುದ್ದೆ ಮಾಡಿದ್ದೆ, ಸಾರು ತೆಳ್ಳಗಿದ್ದರಿಂದ ಹೊಂದಿತು. ಏಳು ಜನ ಉಂಡೆವು. ನಮ್ಮತ್ತೆ ಎರಡನೇ ಸಲ ಸಾರು ಬಡಿಸಿಕೊಳ್ಳುವಾಗ ಸೌಟಿನಿಂದ ಹೋಳನ್ನು ಪಕ್ಕಕ್ಕೆ ಸರಿಸಿ ತೇಲುವ ಕೆಂಪನ್ನಷ್ಟೇ ತುಂಬಿಕೊಂಡರು. ಪಾತ್ರೆ ತಳ ಕಂಡಾಗ ಅದರಲ್ಲಿ ಸಾಸೇಜಿನ ನಾಲ್ಕು ಹೋಳು ಉಳಿದಿದ್ದವು, ಸಾರು ಒಂದು ಹನಿಯೂ ಇರಲಿಲ್ಲ.